ಐದು ಸಾಲು ಹಕ್ಕಿ ಪಾಲು

ಎರಡನೇ ರೊಟ್ಟಿ ಹಂಚಿನ ಮೇಲಿತ್ತು. ಎಂಟು ವರ್ಷದ ನೀಲಾ ಖುಷಿಯಿಂದ ಓಡಿ ಬಂದಳು.

"ಅವ್ವಾ, ಗಿಳಿ! ಬೇವಿನ ಗಿಡದ ಕಡೆ ತೆನಿ ತಿನ್ನಾಕತ್ತಾವು!"

ಉಮಾಶ್ರೀ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೊಲಕ್ಕೆ ಓಡಿದಳು. ಬೈರಿದೇವರಕೊಪ್ಪದ ಹೊಸ ಮನೆಗಳು ಮುಗಿಯುವಲ್ಲೇ ಅವರ ಮೂರೆಕರೆ ಬಿಳಿಜೋಳ.

ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಹೊಲ ಬೇರೆಯವರ ಕೈಗೆ ಲಾವಣಿಗೆ, ಅಂದರೆ ಗೇಣಿಗೆ, ಹೋಗಿತ್ತು. ಈ ಸಲ ತಾನೇ ಬಿತ್ತುತ್ತೇನೆಂದು ಅವಳು ಹಟ ಹಿಡಿದಿದ್ದಳು. "ರಾಶಿ ಛಲೋ ಬಂದ್ರ ಹೊಲ ನಿಂದು. ಇಲ್ಲಂದ್ರ ಮತ್ತ ಲಾವಣಿಗೆ," ಎಂದಿದ್ದರು ಮಾವ ಗುರುಸಿದ್ದಯ್ಯ.

ಬದುವಿನ ಮೇಲೆ ಶಿವಯೋಗೀಶ ರಿಮೋಟ್ ಹಿಡಿದು ನಿಂತಿದ್ದ. ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಡ್ರೋನ್ ತಯಾರಿಸುವವನು. ಹಕ್ಕಿಗಳ ಹಿಂಡನ್ನು ತಾನೇ ಗುರುತಿಸಿ ಓಡಿಸುವ ಡ್ರೋನನ್ನು ಪರೀಕ್ಷೆಗೆಂದು ಇಲ್ಲಿಗೆ ತಂದು ಹದಿನೈದು ದಿನವಾಗಿತ್ತು.

"ಅವ್ವಾ, ಕಾಕಾಗ ಒಂದು ಮಾತು ಕೇಳಲೇನು?" ಎಂದು ನೀಲಾ ದಿನವೂ ಅವನತ್ತ ನೋಡುತ್ತ ಪಿಸುಗುಟ್ಟುತ್ತಿದ್ದಳು. "ಈಗ ಬ್ಯಾಡ," ಎನ್ನುತ್ತಿದ್ದಳು ತಾಯಿ.

ಡ್ರೋನ್ ಗುಂಯ್ ಎಂದು ಬಂತು... ಬೇವಿನ ಗಿಡದ ಕಡೆಯ ಕೊನೆಯ ಐದು ಸಾಲು ಬಿಟ್ಟು ತಿರುಗಿ ಹೋಯಿತು! ಗಿಳಿಗಳು ಕದಲಲೇ ಇಲ್ಲ.

"ಆ ಐದು ಸಾಲು ನಿಮ್ಮ ಮಿಷನ್ನಿಗೆ ಕಾಣಂಗಿಲ್ಲೇನ್ರಿ?"

"ಕಾಣ್ತಾವ್ರಿ. ಮ್ಯಾಪಿನಿಂದ ನಾನ ತಗದೇನಿ."

"ತಗದೀರಿ? ನನ್ನ ಹೊಲ ನಿಮಗ ಆಟದ ಸಾಮಾನೇನು!"

ಅವನು ನೀಲಾಳತ್ತ ಒಮ್ಮೆ ನೋಡಿ, ರಿಮೋಟಿನ ಕಡೆ ಕಣ್ಣಿಳಿಸಿದ.

ಅದು ಉಮಾಶ್ರೀಯನ್ನು ಚುಚ್ಚಿತು. 'ದಿನಾ ಬೆಳಗ್ಗೆ ಈ ಸದ್ದಿಗೆ ಕಾಯುತ್ತಿದ್ದೆನಲ್ಲ... ನನಗೇ ಬುದ್ಧಿ ಇಲ್ಲ!'

"ರಿಮೋಟ್ ಕೊಡ್ರಿ. ಹಾರಸೂದು ಕಲಿಸಿ ಹೋಗ್ರಿ. ನಾಳಿಂದ ಬರೂದು ಬ್ಯಾಡ."

ಎದುರಾಡದೆ ಕಲಿಸಿದ. ಡ್ರೋನ್ ಬೇವಿನ ಟೊಂಗೆಯತ್ತ ವಾಲಿತು.

"ಸಾವಕಾಶರಿ... ರೊಟ್ಟಿ ಬಡದಂಗ ಒತ್ತಬ್ಯಾಡ್ರಿ!"

ನಗು ಬಂದರೂ ಅವಳು ತುಟಿ ಕಚ್ಚಿಕೊಂಡಳು. ಮೂರನೇ ಸುತ್ತಿಗೆ ಡ್ರೋನ್ ಐದು ಸಾಲಿನ ಮೇಲೆ ಹೋಯಿತು. ಗಿಳಿಗಳು ಕಿರುಚುತ್ತ ಎದ್ದವು... ನೇರ ಹೊಲದ ನಡುವೆ ಇಳಿದವು! ಅಲ್ಲಿಂದ ಅಟ್ಟಿದರೆ ಇನ್ನೊಂದು ಕಡೆ.

"ಬ್ಯಾಡವ್ವಾ!" ನೀಲಾ ಅತ್ತೇಬಿಟ್ಟಳು. "ಅದು ಅಪ್ಪಾನ ಹಕ್ಕಿ ಪಾಲು! ನಾನ ಕಾಕಾಗ ಬಿಡಾಕ ಹೇಳಿದ್ದು. ನೀ ಅಳತಿ ಅಂತ... ನಿನಗ ಹೇಳಬ್ಯಾಡ ಅಂದಿದ್ದೆ."

ಉಮಾಶ್ರೀಗೆ ಆಗ ನೆನಪಾಯಿತು. ಪ್ರತಿ ಬಿತ್ತನೆಗೂ ಗಂಡ ಅದೇ ಮಾತು ಹೇಳುತ್ತಿದ್ದ: 'ಈ ಐದು ಸಾಲು ಹಕ್ಕಿಗೊಳದು. ಇಲ್ಲಿ ಕವಣಿ ಬೀಸಬ್ಯಾಡ.' ಹೊಲ ಉಳಿಸುವ ಹಟದಲ್ಲಿ ತಾನೇ ಮರೆತಿದ್ದಳಲ್ಲ!

ಕಣ್ಣೊರೆಸಿಕೊಂಡಳು. ರಿಮೋಟ್ ಮಾತ್ರ ಬಿಡಲಿಲ್ಲ. ಸುತ್ತಿನ ಮೇಲೆ ಸುತ್ತು ಹಾಕಿ, ಗಿಳಿಗಳನ್ನು ತಾನೇ ಬೇವಿನ ಗಿಡದ ಕಡೆಗೆ ಮರಳಿಸಿದಳು. ಅವು ತಮ್ಮ ಪಾಲಿನ ಮೇಲೆ ಇಳಿದವು. ಉಳಿದ ಹೊಲ ಶಾಂತವಾಯಿತು.

"ಒಂದು ಮಾತು ಹೇಳಬಾರದಿತ್ತೇನ್ರಿ? ಸುಮ್ಮನ ಬೈಸ್ಕೊಂಡ್ರಿ."

"ಕೂಸಿಗೆ ಮಾತು ಕೊಟ್ಟಿದ್ದೆರಿ. ಬೈಸ್ಕೊಳ್ಳೂದು ತ್ರಾಸ ಆಗಲಿಲ್ರಿ... ಬರೂದು ಬ್ಯಾಡ ಅಂದ್ರಲ್ಲ, ಅದು ಭಾಳ ತ್ರಾಸ ಆತು."

ಅವಳ ಕೆನ್ನೆ ಬಿಸಿಯಾಯಿತು. "ನಾಳಿ ಲಗೂ ಬರ್ರಿ... ರೊಟ್ಟಿ ಆರತಾವು."

ಬದುವಿನ ಮೇಲೆ ಬಂದು ನಿಂತಿದ್ದ ಮಾವ ಗುರುಸಿದ್ದಯ್ಯ ಕೆಮ್ಮಿದರು. ತೆನೆಯೊಂದನ್ನು ಉಜ್ಜಿ ಕಾಳು ನೋಡಿದರು. "ಹೊಲ ನಿಂದವ್ವಾ. ಇನ್ನ ಹದಿನೈದು ದಿನಕ್ಕ ಸುಗ್ಗಿ. ಆಮ್ಯಾಲೆ ಈ ಮಿಷನ್ನಿಗೆ ಇಲ್ಲೇನು ಕೆಲಸ ಇಲ್ಲ."

ನೀಲಾ ತಾಯಿಯ ಮುಖ ನೋಡಿದಳು. ಈ ಸಲ ತಾಯಿ 'ಈಗ ಬ್ಯಾಡ' ಎನ್ನಲಿಲ್ಲ.

"ಕಾಕಾ... ಹಕ್ಕಿ ಹೋದ ಮ್ಯಾಲೂ ನೀ ನಮ್ಮ ಮನ್ಯಾಗ ಇರ್ತೀಯೇನು?"