ಸರದಿ ತಪ್ಪಿ ಕೇಳಿದವನು

ಇಲಿನಾಯ್ಸಿನ ಲೆಮಾಂಟ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ೨೦೦೭ರ ದಸರೆಯ ಶನಿವಾರ, ಒಂದು ಬೂದು ಬಣ್ಣದ ಕಾರು ಕೀ ಎಂದು ಕಿರುಚಿಕೊಂಡು ಬಂದು ನಿಂತಿತು. ಪಕ್ಕದಲ್ಲೇ ಇದ್ದ ಗುರುಸಿದ್ದನಿಗೆ ಸುಮ್ಮನಿರಲಾಗಲಿಲ್ಲ. ಅವನು ಪಕ್ಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನಿನಲ್ಲಿ ಬ್ರೇಕ್ ಎಂಜಿನಿಯರ್. ಬ್ರೇಕ್ ಅತ್ತರೆ ಮಗು ಅತ್ತಷ್ಟೇ ಅವನ ಕರುಳು ಚುರ್ ಎನ್ನುತ್ತಿತ್ತು. ಹೋಗಿ ಗಾಜು ತಟ್ಟಿದ.

ಗಾಜು ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. ಒಳಗೆ ಕಾಡಿಗೆ ಹಚ್ಚಿದ ಎರಡು ಕಣ್ಣುಗಳು ಜಗಳಕ್ಕೆ ತಯಾರಾಗಿ ಕೂತಿದ್ದವು.

"ಈ ಸ್ಪಾಟ್ ನಾನು ಬಿಡಲ್ಲ. ಇಪ್ಪತ್ತು ನಿಮಿಷದಿಂದ ಸುತ್ತುತಾ ಇದೀನಿ."

"ಸ್ಪಾಟ್ ಬ್ಯಾಡ್ರಿ ನನಗ. ನಿಮ್ಮ ಬ್ರೇಕ್ ಪ್ಯಾಡ್ ಪೂರಾ ಸವದಾವು. ಇವತ್ತ ಬದಲಿಸ್ರಿ."

ಆ ಕಣ್ಣುಗಳು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದವು. ಆಮೇಲೆ ನಕ್ಕವು. ಅಲ್ಲಿಗೆ ಗುರುಸಿದ್ದನ ಕಥೆ ಮುಗಿಯಿತು.

ಅವಳ ಹೆಸರು ವರ್ಷಾ. ಗ್ಲೆಂಡೇಲ್ ಹೈಟ್ಸಿನಲ್ಲಿ ಫಾರ್ಮಸಿಸ್ಟ್. ಹದಿನಾಲ್ಕನೇ ವಯಸ್ಸಿನಲ್ಲಿ ದಾವಣಗೆರೆಯಿಂದ ಬಂದವಳು, ಈಗ ಇಲ್ಲಿನ ಪ್ರಜೆ. ಬ್ರೇಕ್ ಪ್ಯಾಡಿನ ನೆಪದಲ್ಲಿ ನಂಬರು ಕೊಟ್ಟಳು. ಅವತ್ತಿನಿಂದ ಪ್ರತಿ ಭಾನುವಾರ ಸಂಜೆ ಫೋನು. ಒಂದು ತಾಸು ಊಟ, ಹವಾಮಾನ, ಗಾಡಿ ಎಲ್ಲ ಮಾತಾಡಿ ಮುಗಿದ ಮೇಲೆ ಅವಳು "ಮತ್ತೆ?" ಎನ್ನುತ್ತಿದ್ದಳು. ಆ ಒಂದು ಮಾತಿನ ನಂತರ ಸ್ವಲ್ಪ ಹೊತ್ತು ಅವಳ ಉಸಿರು ಮಾತ್ರ ಕೇಳುತ್ತಿತ್ತು. ಗುರುಸಿದ್ದ ಗಾಬರಿಯಾಗಿ "ಮತ್ತೇನಿಲ್ರಿ" ಎಂದು ಇಟ್ಟುಬಿಡುತ್ತಿದ್ದ.

ಉಳಿದ ದಿನಗಳಲ್ಲಿ ಫೋನು ಮಾಡುತ್ತಿದ್ದವರು ಅಮೆರಿಕದ ಅಧ್ಯಕ್ಷರಾಗಬೇಕೆಂದಿದ್ದ ಮಹನೀಯರು. ಅವನ ಬಾಡಿಗೆ ಮನೆಯ ಫೋನ್ ನಂಬರು ಹಿಂದೆ ಯಾರೋ ಮತದಾರನದಾಗಿತ್ತಂತೆ. ವರ್ಷಾಳೇ ಇರಬಹುದೆಂದು ಒದ್ದೆ ಕೈಯಲ್ಲೇ ಓಡಿಬಂದು ಎತ್ತಿದರೆ, ಆ ಕಡೆಯಿಂದ ರೆಕಾರ್ಡ್ ಮಾಡಿದ ದನಿಯೊಂದು ಅವನ ಭವಿಷ್ಯದ ಬಗ್ಗೆ ಕಳವಳ ವ್ಯಕ್ತಪಡಿಸುತ್ತಿತ್ತು. "ನನಗ ವೋಟ್ ಇಲ್ಲೋ ಮಾರಾಯ, ವೀಸಾದ ಮ್ಯಾಲೆ ಇದ್ದೀನಿ" ಎಂದು ಎಷ್ಟೋ ಸಲ ಕನ್ನಡದಲ್ಲೇ ಹೇಳಿ ನೋಡಿದ. ರೆಕಾರ್ಡಿಗೆ ಕಿವಿ ಇರಲಿಲ್ಲ.

ಅವನಿಗೆ ತಲೆಕೆಟ್ಟುಹೋಗಿತ್ತು. ಚುನಾವಣೆ ಇರುವುದು ಮುಂದಿನ ನವೆಂಬರಿನಲ್ಲಿ. ಅದಕ್ಕೆ ಯಾರು ನಿಲ್ಲಬೇಕೆಂದು ಪಕ್ಷದವರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಚುನಾವಣೆಗೆ ಪ್ರೈಮರಿ ಎಂದು ಹೆಸರು. ಅವನ ಊರು ಗದಗಿನಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಬೆಂಗಳೂರಿನಲ್ಲಿ ನಾಲ್ಕು ಜನ ಒಂದು ಊಟದ ಹೊತ್ತಿನಲ್ಲಿ ತೀರ್ಮಾನಿಸುತ್ತಿದ್ದರು. ಇಲ್ಲಿ ಅದಕ್ಕೆ ಒಂದೂವರೆ ವರ್ಷ. ಅದೂ ಎಲ್ಲ ರಾಜ್ಯಗಳಲ್ಲಿ ಒಂದೇ ದಿನ ಅಲ್ಲ, ಸರದಿಯ ಪ್ರಕಾರ. ಮೊದಲು ಗೋವಿನಜೋಳ ಬೆಳೆಯುವ ಅಯೋವಾ.

"ಅಯೋವಾನೇ ಯಾಕೆ ಮೊದಲು?" ಎಂದು ಪಕ್ಕದ ಮೇಜಿನ ಡೇಲ್‌ನನ್ನು ಕೇಳಿದ. ಡೇಲ್ ಇಪ್ಪತ್ತೆಂಟು ವರ್ಷ ಬ್ರೇಕ್ ಡ್ರಮ್ಮುಗಳ ನಡುವೆ ಕಳೆದ ಮನುಷ್ಯ. ಯೋಚಿಸಿ ಹೇಳಿದ, "ಯಾಕೆಂದರೆ ಅದು ಯಾವಾಗಲೂ ಮೊದಲು."

ಇದೆಂಥ ಕಾರಣ ಎಂದು ಗುರುಸಿದ್ದ ನಕ್ಕ. ಇಂಥದೇ ಕಾರಣ ತನ್ನ ಕುತ್ತಿಗೆಗೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಡಿಸೆಂಬರಿನ ಕೊನೆಯಲ್ಲಿ ಗುರುಸಿದ್ದ ಧೈರ್ಯ ಮಾಡಿದ. ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ವರ್ಷಾಳ ತಂದೆ ರಮೇಶ ಅವರ ಎದುರು ಕೂತು, ಇಡ್ಲಿ ಆರುವಷ್ಟು ಹೊತ್ತು ಪೀಠಿಕೆ ಹಾಕಿ, "ಅಂಕಲ್, ನಿಮ್ಮ ಮಗಳನ್ನ ನನಗ ಕೊಡ್ತೀರೇನು?" ಎಂದು ಕೇಳಿಯೇಬಿಟ್ಟ.

ರಮೇಶ ಅವರ ಮುಖ ಬಿಳಿಚಿತು. "ಅಕ್ಕನ್ನ ಕೇಳಿದ್ರಾ?"

"ಇಲ್ರಿ. ನೀವು ತಂದಿ, ಅದಕ್ಕ ನಿಮ್ಮನ್ನ ಮೊದಲ ಕೇಳಿದೆ."

"ಅಯ್ಯೋ, ಎಂಥ ಕೆಲಸ ಮಾಡಿದ್ರಿ," ಎಂದು ಅವರು ಅತ್ತಿತ್ತ ನೋಡಿದರು.

ಅಕ್ಕ ಎಂದರೆ ಅವರ ಅಕ್ಕ ಗಂಗಮ್ಮ, ವರ್ಷಾಳ ಸೋದರತ್ತೆ. ೧೯೭೨ರಲ್ಲಿ ಡಾಕ್ಟರ್ ಗಂಡನ ಜೊತೆ ರಾಣೆಬೆನ್ನೂರಿನಿಂದ ಬಂದವರು. ತಮ್ಮ, ತಂಗಿ, ಅವರ ಮಕ್ಕಳು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಸಿಕೊಂಡವರು. ಆ ಬಳಗದಲ್ಲಿ ಮನೆ ಕೊಳ್ಳುವುದಿರಲಿ, ಮದುವೆಯಿರಲಿ, ಮೊದಲ ಮಾತು ಗಂಗಮ್ಮನದು. ಆಮೇಲೆ ಉಳಿದ ಮನೆಗಳಿಗೆ ಸರದಿ. ಯಾಕೆ ಎಂದು ಕೇಳಿದರೆ, ಯಾವಾಗಲೂ ಹಾಗೆಯೇ.

ಆ ಭಾನುವಾರ ವರ್ಷಾಳೇ ತೀರ್ಪು ಓದಿದಳು. "ಅತ್ತೆ ಹೇಳಿದ್ರು, ಸರದಿ ತಪ್ಪಿಸಿ ಕೇಳಿದ್ದು ಕೇಳಿದ್ದೇ ಅಲ್ಲ ಅಂತೆ. ನೀವು ಅಪ್ಪನ್ನ ಕೇಳಿದ್ದು ಕ್ಯಾನ್ಸಲ್. ಮೊದಲಿಂದ ಶುರು ಮಾಡ್ಬೇಕಂತೆ."

"ಅಂದ್ರ?"

"ಮೊದಲು ಅವರ ಮನೆ. ಆಮೇಲೆ ಇನ್ನು ನಾಲ್ಕು ಮನೆ. ಎಲ್ಲರೂ ನಿಮ್ಮನ್ನ ನೋಡಬೇಕು. ಫೆಬ್ರವರಿ ಐದಕ್ಕೆ ಅತ್ತೆ ಹೇಳ್ತಾರೆ." ಆಮೇಲೆ ಸೇರಿಸಿದಳು, "ರಾಕ್‌ಫೋರ್ಡಲ್ಲಿ ಕಲ್ಲಿನಾಥ ಅಂತ ಒಬ್ಬ ಡಾಕ್ಟರ್ ಇದಾರೆ. ಅತ್ತೆ ತಂದಿರೋ ಸಂಬಂಧ. ನಿಮ್ಮಿಬ್ಬರಲ್ಲಿ ಒಬ್ಬರ ಹೆಸರು ಹೇಳ್ತಾರಂತೆ."

ಗುರುಸಿದ್ದ ಪೆನ್ನು ಹುಡುಕಿ ‘ಐದು ಮನೆ’ ಎಂದು ಬರೆದುಕೊಂಡ.

"ಮತ್ತೆ?" ಎಂದಳು ವರ್ಷಾ.

"ಮತ್ತೇನಿಲ್ರಿ. ಐದೂ ಮನಿ ಮಾಡ್ತೀನಿ," ಎಂದ.

ಅದೇ ಹೊತ್ತಿಗೆ ಮಿಷಿಗನ್ ರಾಜ್ಯಕ್ಕೂ ಅದೇ ಗತಿ ಬಂದಿತ್ತು. ನಮ್ಮನ್ನು ಯಾರೂ ಕೇಳುವುದೇ ಇಲ್ಲ ಎಂದು ಸಿಟ್ಟಾಗಿ ಮಿಷಿಗನ್ನಿನವರು ತಮ್ಮ ಪ್ರೈಮರಿಯನ್ನು ಜನವರಿ ಹದಿನೈದಕ್ಕೆ ಎಳೆದುಕೊಂಡಿದ್ದರು. ಸರದಿ ತಪ್ಪಿಸಿದ್ದೀರಿ, ನಿಮ್ಮ ಮತ ಲೆಕ್ಕಕ್ಕಿಲ್ಲ ಎಂದು ಡೆಮಾಕ್ರಟಿಕ್ ಪಕ್ಷ ಹೇಳಿತು. ಅದರ ಅಭ್ಯರ್ಥಿಗಳಲ್ಲಿ ಕೆಲವರು ತಮ್ಮ ಹೆಸರನ್ನೇ ಮತಚೀಟಿಯಿಂದ ತೆಗೆಸಿಕೊಂಡರು. ಆದರೂ ಡೇಲ್ ಅವತ್ತು ಚಳಿಯಲ್ಲಿ ಹೋಗಿ ಆ ಪಕ್ಷದ ಚೀಟಿಯನ್ನೇ ಹಾಕಿ ಬಂದ.

"ಲೆಕ್ಕಕ್ಕೇ ಇಲ್ಲದ ವೋಟು ಯಾಕೆ ಹಾಕಿದೆ?" ಎಂದು ಗುರುಸಿದ್ದ ರೇಗಿದ.

"ಅವರು ಎಣಿಸಲಿ ಬಿಡಲಿ. ನಾನು ಯಾರ ಕಡೆ ಅಂತ ನಾನು ಹೇಳಬೇಕಲ್ಲ," ಎಂದ ಡೇಲ್, ಕಾಫಿ ಕುಡಿಯುತ್ತಾ.

ಈ ದೇಶದವರಿಗೆಲ್ಲ ತಲೆ ನೆಟ್ಟಗಿಲ್ಲ ಎಂದುಕೊಂಡು ಗುರುಸಿದ್ದ ತನ್ನ ಪ್ರಚಾರಕ್ಕೆ ಹೊರಟ.

ಡಿಯರ್‌ಬಾರ್ನಿನಿಂದ ಗ್ಲೆಂಡೇಲ್ ಹೈಟ್ಸಿಗೆ ಇನ್ನೂರ ತೊಂಬತ್ತು ಮೈಲಿ. ಮೂರು ವಾರ, ಪ್ರತಿ ಶನಿವಾರ ಬೆಳಕು ಹರಿಯುವ ಮುಂಚೆ ಎದ್ದು, ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋದ. ಗಂಗಮ್ಮನ ಮನೆಯಲ್ಲಿ ಶೇಂಗಾ ಹೋಳಿಗೆ ನಾಲ್ಕು ತಿಂದ. ಐದನೆಯದನ್ನು ಬೇಡ ಎಂದದ್ದು ತಪ್ಪೋ ಸರಿಯೋ ಎಂದು ಮಿಷಿಗನ್ನಿನವರೆಗೂ ಯೋಚಿಸುತ್ತಾ ಬಂದ. ನೇಪರ್‌ವಿಲ್ಲಿನ ಶಿವಬಸಪ್ಪ ಅಂಕಲ್‌ಗೆ ಊರಿನ ಹುಚ್ಚು. ಅವರೆದುರು, ಹತ್ತು ವರ್ಷದಲ್ಲಿ ಗದಗಿಗೆ ವಾಪಸ್ಸು ಹೋಗುವವನೇ ಎಂದ. ಶಾಂಬರ್ಗಿನ ಗುರುದೇವಿ ಆಂಟಿಗೆ ಊರೆಂದರೆ ಆಗದು. ಅವರೆದುರು, ಗ್ರೀನ್‌ಕಾರ್ಡಿಗೆ ಅಪ್ಲೈ ಮಾಡಿದೀನಿ, ಇಲ್ಲೇ ಮಣ್ಣಾಗುವುದು ಎಂದ. ಆಂಟಿ ಸಂತೋಷದಿಂದ ಮೊಮ್ಮಗನನ್ನು ಅವನ ತೊಡೆಯ ಮೇಲೆ ಕೂರಿಸಿದರು. ಟಿವಿಯಲ್ಲಿ ಅಭ್ಯರ್ಥಿಗಳು ಮಕ್ಕಳನ್ನು ಎತ್ತಿಕೊಂಡು ನಗುತ್ತಾರೆ. ಆಮೇಲೆ ಅವರ ಪ್ಯಾಂಟು ಒದ್ದೆಯಾಗಿದ್ದನ್ನು ಟಿವಿಯವರು ತೋರಿಸುವುದಿಲ್ಲ.

ಅರೋರಾ, ಬೋಲಿಂಗ್‌ಬ್ರೂಕ್ ಮನೆಗಳಲ್ಲೂ ಅದೇ ಬೋಂಡಾ, ಅದೇ ಪ್ರಶ್ನೆ. ಸಂಬಳ, ಶುಗರ್ ಇದೆಯಾ, ಅಡುಗೆ ಬರುತ್ತಾ. ವರ್ಷಾ ಆ ಮನೆಗಳಲ್ಲಿ ತಟ್ಟೆ ಹಿಡಿದು ಬಂದು ಹೋಗುತ್ತಿದ್ದಳು. ಒಂದು ಸಲ ಬೋಂಡಾ ಬಡಿಸುವಾಗ ಅವನ ಕಣ್ಣನ್ನೇ ನೋಡಿ ನಿಂತಳು. ಏನೋ ಕೇಳಲಿ ಎಂದು ಕಾಯುವ ನೋಟ. ಗುರುಸಿದ್ದ ಅದನ್ನು ಬೆಂಬಲದ ನೋಟ ಎಂದು ತಿಳಿದು, ಹುರುಪಿನಿಂದ ಇನ್ನೊಂದು ಬೋಂಡಾ ಹಾಕಿಸಿಕೊಂಡ.

ಭಾನುವಾರ ಫೋನಿನಲ್ಲಿ ಅವಳ ದನಿ ಒಣಗಿತ್ತು. "ಶಿವಬಸಪ್ಪ ಅಂಕಲ್‌ಗೆ ವಾಪಸ್ ಹೋಗ್ತೀನಿ ಅಂದ್ರಂತೆ. ಗುರುದೇವಿ ಆಂಟಿಗೆ ಇಲ್ಲೇ ಇರ್ತೀನಿ ಅಂದ್ರಂತೆ. ಇಬ್ಬರೂ ಫೋನಲ್ಲಿ ಮಾತಾಡ್ಕೊಂಡಿದಾರೆ. ನಿಜವಾಗ್ಲೂ ಎಲ್ಲಿರ್ತೀರ?"

"ನೀವು ಎಲ್ಲಿ ಅಂತೀರಿ ಅಲ್ಲೇ."

"ನನ್ನನ್ಯಾಕೆ ಕೇಳ್ತೀರ. ಇನ್ಯಾವುದಾದ್ರೂ ಮನೆ ಬಾಕಿ ಇದ್ರೆ ಅಲ್ಲಿ ಕೇಳಿ," ಎಂದು ಇಟ್ಟಳು. "ಮತ್ತೆ?" ಎನ್ನಲೇ ಇಲ್ಲ.

ಫೆಬ್ರವರಿ ಐದು, ಮಂಗಳವಾರ, ಇಲಿನಾಯ್ಸಿನ ಪ್ರೈಮರಿ. ವರ್ಷಾ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ವೋಟಿಗೆ ಕರೆದುಕೊಂಡು ಹೋಗುವುದಿತ್ತು. ಆಮೇಲೆ ಗಂಗಮ್ಮನ ಮನೆಯಲ್ಲಿ ಅವರ ತೀರ್ಮಾನ. ಗುರುಸಿದ್ದ ಮಧ್ಯಾಹ್ನವೇ ಬಂದವನು, ಮನೆಯಲ್ಲಿ ಯಾರೂ ಇಲ್ಲದ್ದನ್ನು ಕಂಡು ಮತಗಟ್ಟೆಗೇ ಹೋದ. ಅದೊಂದು ಶಾಲೆಯ ಜಿಮ್. ವೋಟಿಲ್ಲದವನು ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಂತ.

ಒಳಗೆ ಮೇಜಿನ ಮುಂದೆ ಗಂಗಮ್ಮ ಪಟ್ಟು ಹಿಡಿದು ನಿಂತಿದ್ದರು. ನವೆಂಬರಿನ ಚುನಾವಣೆಗೆ ಎಷ್ಟೋ ಸಲ ಬಂದವರಾದರೂ ಪ್ರೈಮರಿಗೆ ಇದೇ ಮೊದಲು. ಇಲ್ಲಿ ಯಾವ ಪಕ್ಷದ ಚೀಟಿ ಬೇಕೆಂದು ಬಾಯಿಬಿಟ್ಟು ಹೇಳಬೇಕು ಎಂದು ಮೇಜಿನ ಹಿಂದಿನ ಹಿರಿಯ ಹೆಂಗಸು ಮೂರನೇ ಸಲ ವಿವರಿಸುತ್ತಿದ್ದಳು.

"ಯಾಕ ಹೇಳಬೇಕು?" ಎಂದು ಗಂಗಮ್ಮ ವರ್ಷಾಳನ್ನು ದಬಾಯಿಸಿದರು. "ರಾಣೆಬೆನ್ನೂರಾಗ ವೋಟ್ ಹಾಕಿದಾಗ ನಮ್ಮ ಮನಿಯವ್ರಿಗೂ ಹೇಳಿದ್ದಿಲ್ಲ ನಾ."

"ಅತ್ತೆ, ಹೇಳದೇ ಇದ್ರೆ ಚೀಟಿ ಕೊಡಲ್ಲ ಇಲ್ಲಿ."

ಗಂಗಮ್ಮ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಸುತ್ತ ನೋಡಿದರು. ಕೊನೆಗೆ ಬಗ್ಗಿ ಆ ಹೆಂಗಸಿನ ಕಿವಿಯಲ್ಲಿ ಗುಟ್ಟಾಗಿ ಉಸುರಿದರು. ಆಕೆ ಅದನ್ನೇ ಇಡೀ ಜಿಮ್ಮಿಗೆ ಕೇಳುವಂತೆ ಪಕ್ಕದವಳಿಗೆ ಕೂಗಿ ಹೇಳಿದಳು. ಗಂಗಮ್ಮ ಸೆರಗು ಎಳೆದುಕೊಂಡು ಬೂತಿನೊಳಗೆ ಹೋದರು.

ತನ್ನ ವೋಟು ಮುಗಿಸಿ ವರ್ಷಾ ಕಾರಿಡಾರಿಗೆ ಬಂದಳು. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಅವನ ಕಡೆ ನೋಡದೆ ಕೇಳಿದಳು, "ಎಲ್ಲ ಮನೆ ಮುಗೀತಾ?"

"ಮುಗೀತು. ಶಿವಬಸಪ್ಪ ಅಂಕಲ್ ನಮ್ಮ ಕಡೆ. ಗುರುದೇವಿ ಆಂಟಿ ಅರ್ಧ. ಉಳಿದವ್ರು ನಿಮ್ಮ ಅತ್ತಿ ಹೆಂಗಂತಾರ ಹಂಗ."

"ಮತ್ತೆ ನಾನು? ನನ್ನ ಯಾರ ಕಡೆ ಬರ್ಕೊಂಡಿದೀರ?"

ಗುರುಸಿದ್ದ ತಬ್ಬಿಬ್ಬಾದ. "ನೀವು ನನ್ನ ಕಡೆನೇ ಅಂತ..."

"ಯಾರು ಹೇಳಿದ್ರು?"

ಅವನು ನೆನಪು ಮಾಡಿಕೊಂಡ. ಯಾರೂ ಹೇಳಿರಲಿಲ್ಲ.

"ಡಿಸೆಂಬರಲ್ಲಿ ಅಪ್ಪನ್ನ ಕೇಳಿದ್ರಿ. ಜನವರೀಲಿ ಅತ್ತೆನ್ನ ಕೇಳಿದ್ರಿ. ಬೋಲಿಂಗ್‌ಬ್ರೂಕಲ್ಲಿ ಚಿಕ್ಕಪ್ಪನ ಅತ್ತೆ-ಮಾವನ್ನೂ ಕೇಳಿದ್ರಿ." ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತ್ತು. "ಪ್ರತಿ ಭಾನುವಾರ ನಾನು ಮತ್ತೆ, ಮತ್ತೆ ಅಂತ ಕೇಳಿ ಕೇಳಿ ಸಾಕಾಯ್ತು. ಇವತ್ತು ಅತ್ತೆ ನಿಮ್ಮ ಹೆಸರು ಹೇಳಿದ್ರೂ ಬೇಡ ಅನ್ನೋಣ ಅಂತಾನೇ ಬಂದಿದೀನಿ. ಕಲ್ಲಿನಾಥನೂ ಬೇಡ, ನೀವೂ ಬೇಡ. ಒಂದ್ಸಲವೂ ನನ್ನ ಕೇಳದೇ ಇರೋರ ಜೊತೆ ಹೇಗೆ ಬಾಳ್ಲಿ ನಾನು?"

ಒದ್ದೆ ಬೂಟುಗಳ ಜನ ಅವರಿಬ್ಬರ ನಡುವೆಯೇ ಹೋಗಿ ಬರುತ್ತಿದ್ದರು. ಮೂರು ವಾರ ಅಯೋವಾದ ಮೇಲೆ, ಗಂಗಮ್ಮನ ಮೇಲೆ, ರೆಕಾರ್ಡಿನ ಮೇಲೆ ಸಿಡುಕಿದ್ದ ಗುರುಸಿದ್ದನಿಗೆ ಈಗ ಸಿಟ್ಟು ಮಾಡಲು ತನ್ನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

"ಅಂಜಿಕಿ ಆಗಿತ್ರಿ," ಎಂದ ಕೊನೆಗೆ. "ಅವರು ಬ್ಯಾಡ ಅಂದ್ರ ಇನ್ನೊಂದ್ಸಲ ಹೋಗಬಹುದಿತ್ತು. ನೀವು ಬ್ಯಾಡ ಅಂದ್ರ ನನಗ ಹೋಗಾಕ ಬ್ಯಾರೆ ಮನಿ ಇಲ್ಲ. ಅದಕ್ಕ ನಿಮ್ಮೊಬ್ರನ್ನ ಬಿಟ್ಟು ಊರೆಲ್ಲ ಕೇಳ್ಕೋತ ತಿರುಗಿದೆ."

ವರ್ಷಾ ಗುಂಡಿಯಿಂದ ಕೈ ತೆಗೆದಳು.

"ಈಗ ಕೇಳ್ತೀನಿ. ವರ್ಷಾ, ನೀವು ನನ್ನ ಮದುವಿ ಆಗ್ತೀರೇನು?"

ಮೂರೂವರೆ ತಿಂಗಳು ತಾನು ಕಾದದ್ದಕ್ಕೆ ಅವನೂ ಒಂದಿಷ್ಟು ಕಾಯಲಿ ಎಂಬಂತೆ ಅವನನ್ನೇ ನೋಡುತ್ತಾ ನಿಂತಳು. ಮೊದಲು ಕಣ್ಣ ಅಂಚು ಸಡಿಲಾಯಿತು, ಆಮೇಲೆ ತುಟಿ. "ಹೂಂ. ಆಗ್ತೀನಿ," ಎಂದಳು.

"ಇವತ್ತ ಕೇಳಾಕತ್ತೀಯೇನು ಅಕೀನ?"

ಗಂಗಮ್ಮ ಹಿಂದೆಯೇ ನಿಂತಿದ್ದರು.

"ನೀವಿಬ್ರೂ ಎಂದೋ ಮಾತಾಡ್ಕೊಂಡು, ಎಲ್ಲಾ ಆದಮ್ಯಾಲೆ ನನಗ ಹೇಳಾಕ ಬಂದೀರಿ ಅಂತ ಒಂದು ತಿಂಗಳಿಂದ ಸಿಟ್ಟು ಮಾಡ್ಕೊಂಡು ಕುಂತೀನಿ ನಾ. ಅಕೀನ ಕೇಳೇ ಇಲ್ಲೇನು? ಹಂಗಾರ ಐದು ಮನಿ ತಿರುಗಿ ಮಾಡಿದ್ದೇನು? ಉಂಡಿ, ಎದ್ದಿ?"

"ಹೌದ್ರಿ," ಎಂದ ಗುರುಸಿದ್ದ.

ವರ್ಷಾ ಒಂದು ಹೆಜ್ಜೆ ಮುಂದೆ ಬಂದಳು. "ಅತ್ತೆ, ನಾನು ಹೂಂ ಅಂದಿದೀನಿ. ನಿಮಗಿಂತ ಮೊದಲು ಅಂದೆ. ನಿಮಗೆ ಬೇಜಾರಾದ್ರೂ ನಾನು ವಾಪಸ್ ತಗೊಳಲ್ಲ."

ಮೂವತ್ತಾರು ವರ್ಷಗಳಲ್ಲಿ ಆ ಬಳಗದಲ್ಲಿ ಯಾರೂ ಆಡದ ಮಾತು ಅದು. ಗಂಗಮ್ಮ ತಮ್ಮನ ಮಗಳ ಮುಖವನ್ನು ಹುಡುಕುವಂತೆ ನೋಡಿದರು. ಅವನನ್ನೂ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಕಾರು ಎಲ್ಲಿ ನಿಲ್ಲಿಸೀರಿ?" ಎಂದರು. ಮೂವರೂ ಬಾಗಿಲ ಕಡೆ ನಡೆದರು.

ಹೊರಗೆ ಹಿಮ ಜೋರಾಗಿ ಬೀಳತೊಡಗಿತ್ತು. ಮೆಟ್ಟಿಲುಗಳು ಜಾರುತ್ತಿದ್ದವು. ಗುರುಸಿದ್ದ ಓಡಿಹೋಗಿ ಗಂಗಮ್ಮನ ಮೊಣಕೈ ಹಿಡಿದ. ಅವರು ಕೊಡವಿಕೊಂಡರು.

"ನಂದ್ಯಾಕ ಹಿಡೀತಿ? ಈ ಹಿಮದಾಗ ಅರ್ಧ ಆಯುಷ್ಯ ನಡದೀನಿ ನಾ. ಅಕಿ ಕೈ ಹಿಡಿ," ಎಂದು ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು.

ವರ್ಷಾ ಆಗಲೇ ಕೈಗವಸು ಕಳಚಿದ್ದಳು.