ಗೆಡಿಸ್ ತಾತ ತನ್ನ ಕೋಳಿಯನ್ನೇ ಕದ್ದದ್ದು

"ಅಜ್ಜೀ, ಕಳ್ಳತನ! ಬ್ಯಾನಕ್ ಇಲ್ಲ!"

ಮಾರ್ವೆನ್ ಸ್ಕೂಲ್ ಬ್ಯಾಗನ್ನು ಬಿಸಾಡಿ ಒಳಗೆ ಓಡಿಬಂದಳು. ಹಿತ್ತಲ ಗೂಡಿನ ಬಾಗಿಲು ಹಾರುಹೊಡೆದಿತ್ತು. ಗೋಡೆಯಾಚೆಯಿಂದ ಬ್ಯಾನಕ್ ಕೊಕ್ಕೊಕ್ಕೋ ಅನ್ನುವುದು ಕೇಳುತ್ತಿತ್ತು.

ಪಕ್ಕದ ಮನೆಯ ಗೆಡಿಸ್ ತಾತ ಚಳಿಗಾಲಕ್ಕೆ ಮಗಳ ಮನೆಗೆ ಹೋಗುವಾಗ ತಮ್ಮ ಕೋಳಿ ಬ್ಯಾನಕ್ಕನ್ನು ಮಾರ್ವೆನ್‌ಗೆ ಒಪ್ಪಿಸಿದ್ದರು. ಇವತ್ತು ಮರಳಿದವರು ಯಾರಿಗೂ ಹೇಳದೆ ಎತ್ತಿಕೊಂಡು ಹೋಗಿದ್ದರು.

ಅಜ್ಜಿ ವಕೀಲಿಕೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅವರ ಕಣ್ಣು ಹೊಳೆಯಿತು.

"ಸ್ಪೂಲಿ!"

"ಅಂದ್ರೆ?"

"ನಮ್ಮ ಸ್ಕಾಟ್ಲೆಂಡಿನ ಹಳೇ ಕಾನೂನು ಕಣೇ. ನಿನ್ನ ಹತ್ರ ಇರೋದನ್ನ ಕೇಳದೆ ತಗೊಂಡ್ರೆ ಮೊದಲು ವಾಪಸ್ ಇಡಬೇಕು. ಯಾರದ್ದು ಅನ್ನೋ ಜಗಳ ಆಮೇಲೆ. ನಡಿ!"

ಕಳ್ಳತನದ ದೂರು ಕೇಳಿ ಗೆಡಿಸ್ ತಾತ ತಮ್ಮ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತರು. "ನನ್ನ ಕೋಳೀನ ನಾನೇ ಕದಿಯೋಕಾಗುತ್ತೇನಮ್ಮಾ?"

"ನಿಂದೇ ಆಗ್ಲಿ, ರಾಜಂದೇ ಆಗ್ಲಿ, ಮೊದಲು ಗೂಡಲ್ಲಿಡು. ಇವತ್ತು ಇಟ್ಟ ಮೊಟ್ಟೇನೂ ಕೊಡಬೇಕು."

"ಅಯ್ಯೋ, ಅದನ್ನ ತಿಂದ್ಬಿಟ್ನಲ್ಲಾ!"

"ಭೇಷ್! ಅದಕ್ಕೆ ಬೇರೆ ದಂಡ."

ಅಜ್ಜಿಯ ಬಾಯಿಗೆ ಎದುರುಂಟೆ? ತಾತ ಕೋಳಿಯನ್ನು ಬ್ಯಾಗ್‌ಪೈಪಿನಂತೆ ಕಂಕುಳಲ್ಲಿ ಅವುಚಿಕೊಂಡು ಹೊರಟರು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಮೀನಿನ ವ್ಯಾನಿನವನೂ ವ್ಯಾನು ನಿಲ್ಲಿಸಿದ. ಬ್ಯಾನಕ್ ದಾರಿಯುದ್ದಕ್ಕೂ ಎಲ್ಲರನ್ನೂ ಬೈಯುತ್ತಿತ್ತು.

ಗೂಡಿನ ಚಿಲಕ ಬಿತ್ತು.

"ಹೂಂ, ಈಗ ಕೇಳು," ಅಂದರು ಅಜ್ಜಿ.

ತಾತ ಟೋಪಿ ತೆಗೆದರು. "ಮಾರ್ವೆನ್ ಮೇಡಂ, ನನ್ನ ಕೋಳಿ ಕೊಡ್ತೀರಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಮಾರ್ವೆನ್‌ಗೆ ನಗು ಬರಲಿಲ್ಲ. 'ಕೊಡಲ್ಲ' ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಬ್ಯಾನಕ್ ಇಲ್ಲದ ಹಿತ್ತಲಲ್ಲಿ ಸ್ಕೂಲಿಂದ ಬಂದು ಏನು ಮಾಡುವುದು? ಕಣ್ಣು ತುಂಬಿಕೊಂಡಿತು.

ತಾತ ಕಂಗಾಲಾದರು. "ನೋಡಿ, ನೋಡಿ, ಇದಕ್ಕೇ! ಇವಳು ಅಳ್ತಾಳೆ ಅಂತಾನೇ ನಾನು ಕೇಳ್ಲಿಲ್ಲ. ಮಕ್ಕಳು ಅತ್ರೆ ನಂಗೆ ಕೈಕಾಲೇ ಆಡಲ್ಲ!"

ಮಾರ್ವೆನ್ ತಲೆಯೆತ್ತಿ ನೋಡಿದಳು. ಇಷ್ಟು ದೊಡ್ಡ ಮನುಷ್ಯ, ತನಗೆ ಹೆದರಿದ್ದರೇ? ಟೋಪಿ ಅವರ ಕೈಯಲ್ಲಿ ಮುದ್ದೆಯಾಗಿತ್ತು.

ಅವಳು ತೋಳಿನಿಂದ ಮೂಗು ಒರೆಸಿಕೊಂಡು ಚಿಲಕ ತೆಗೆದಳು.

"ಇದಕ್ಕೆ ಸಂಜೆ ಬೆಚ್ಚಗೆ ಓಟ್ಸ್ ಗಂಜಿ ಬೇಕು. ತಣ್ಣಗಿದ್ರೆ ಮುಟ್ಟಲ್ಲ."

"ನಂಗೆ ಮಾಡೋಕೆ ಬರಲ್ಲ," ಅಂದರು ತಾತ. ಆಮೇಲೆ ಮೆಲ್ಲಗೆ, "ದಿನಾ ಬಂದು ಮಾಡಿಕೊಡ್ತೀಯಾ?"

ಹಾಗೆ ಕೇಳು ಎಂದು ಅಜ್ಜಿ ಹೇಳಿರಲಿಲ್ಲ. ಮಾರ್ವೆನ್ ಬ್ಯಾನಕ್ಕನ್ನು ಎದೆಗವಚಿಕೊಂಡು ತಾತನ ಮನೆಯತ್ತ ನಡೆದಳು.