ಮಧ್ಯಾಹ್ನ ಕೈಕೊಡುವ ತಂಪಿನ ಯಂತ್ರ

“ನನ್ನ ಗಂಡ ಕಳ್ಳ ಅಲ್ರಿ, ಅಕ್ಕೋರ,” ಎಂದು ಸಾವಂತ್ರೆವ್ವ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಅಂಗಳದಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದ ಟಾಂಗಾದ ಲಕ್ಕಪ್ಪ ತಿರುಗಿ ನೋಡಿದ. ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾಗಿ ಗೋಕಾಕಕ್ಕೆ ಬಂದಿದ್ದ ಶಿವಗಂಗವ್ವನವರ ಮನೆಗೆ ಹೀಗೆ ಕಷ್ಟ ಹೇಳಿಕೊಂಡು ಜನ ಬರುವುದು ಅವನಿಗೆ ಹೊಸದಲ್ಲ. ಕೇಳಿದ ಮೇಲೆ ಅಕ್ಕೋರು ಟಾಂಗಾ ಹೂಡೆನ್ನುವುದೂ ಹೊಸದಲ್ಲ.

೧೯೪೬ರ ಬೇಸಿಗೆ ಅದು. ಊರಿನ ಡಾಕ್ಟರ್ ರಾಜಪ್ಪನವರು, ಬೆಳಗಾವಿ ಬಿಟ್ಟುಹೋಗುತ್ತಿದ್ದ ಬಿಳಿಯ ಅಧಿಕಾರಿಯೊಬ್ಬನಿಂದ ಕೋಣೆ ತಂಪು ಮಾಡುವ ಯಂತ್ರವೊಂದನ್ನು ಕೊಂಡು, ಎದೆಬೇನೆಯ ತಂದೆ ಪರಪ್ಪಜ್ಜನ ಕಿಟಕಿಗೆ ಕೂಡಿಸಿದ್ದರು. ಕೂಡಿಸಿದವನು ಸಾವಂತ್ರೆವ್ವನ ಗಂಡ, ಕೊಣ್ಣೂರಿನ ಮಿಸ್ತ್ರಿ ಯಲ್ಲಾರಿ. ಹದಿನೈದು ದಿನದಿಂದ ಯಂತ್ರ ಮಧ್ಯಾಹ್ನವಾದರೆ ಬಿಸಿಗಾಳಿ ಬಿಟ್ಟು ನಿಂತುಬಿಡುತ್ತಿತ್ತು. ಅಜ್ಜ ಎರಡು ಸಲ ಉಸಿರು ಸಿಗದೆ ಒದ್ದಾಡಿದ್ದ. ಯಲ್ಲಾರಿ ಒಳಗಿನ ಒಳ್ಳೆಯ ಭಾಗ ತೆಗೆದು ಮಾರಿಕೊಂಡಿದ್ದಾನೆಂದು ಡಾಕ್ಟರರ ಗುಮಾನಿ. ನಾಡಿದ್ದು ಅವನನ್ನು ಪೊಲೀಸರಿಗೆ ಒಪ್ಪಿಸುವವರಿದ್ದರು.

ಮರುದಿನ ಬೆಳಿಗ್ಗೆ ಶಿವಗಂಗವ್ವ ಆ ಕೋಣೆಯಲ್ಲಿ ನಿಂತಾಗ ಯಂತ್ರ ತಣ್ಣಗೆ ಊದುತ್ತಿತ್ತು. ಮುಂದಿನ ಧೂಳು ಸೋಸುವ ಜರಡಿ ತೆಗೆಸಿ ಬೆಳಕಿಗೆ ಹಿಡಿದರು, ಸ್ವಚ್ಛವಿತ್ತು. ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದರು.

“ಮಧ್ಯಾಹ್ನ ದೀಪ ಮಂಕಾಗತಾವೇನ್ರಿ?”

“ಇಲ್ರಿ. ಅಪ್ಪನ್ನ ಕೇಳೀನಿ, ಕರೆಂಟಿಂದೇನೂ ತಪ್ಪಿಲ್ಲ,” ಎಂದರು ಡಾಕ್ಟರರು. “ಆದ್ರ ಆ ಹೊತ್ತಿಗೆ ನಾ ದವಾಖಾನಿಯೊಳಗಿರತೀನಿ, ಯಲ್ಲಾರಿ ತನ್ನ ಕೆಲಸದ ಮ್ಯಾಲೆ. ಅಪ್ಪ ಒಬ್ಬನ ಇರತಾನ.”

ಹಿತ್ತಲಿಗೆ ಹೋದರು. ಯಂತ್ರದ ಬೆನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು ಝಳ ಕಾರುತ್ತಿತ್ತು. ಅದರ ಮೇಲೆ ಗೋಡೆಗೆ ಎರಡು ಹೊಸ ಮೊಳೆ. ಬೆನ್ನಿನ ಜಾಲರಿಯಲ್ಲಿ ಒಂದು ಕೆಂಪು ನೂಲೆಳೆ. ನಾಲ್ಕು ಮಾರು ಆಚೆ ಹಿತ್ತಲ ಕೆಲಸದ ಕಾಡವ್ವನ ತಗಡಿನ ಗುಡಿಸಲು. ಬಾಗಿಲು ಯಂತ್ರದ ಕಡೆಗೇ ಇತ್ತು. ಕುಲಗೋಡದಿಂದ ಬಂದ ಆ ಹೆಂಗಸಿನ ಕಂಕುಳಲ್ಲಿ ನಾಲ್ಕು ತಿಂಗಳ ಕೂಸು, ಮೈತುಂಬ ಬೆವರುಸಾಲೆ.

“ಲಕ್ಕಪ್ಪ, ಇವತ್ತ ಮಧ್ಯಾಹ್ನ ಇಲ್ಲೇ ಬೇವಿನ ಕೆಳಗ ಕುಂದ್ರು. ಏನೂ ಮಾಡಬ್ಯಾಡ.”

ಲಕ್ಕಪ್ಪ ಸಂಜೆಯವರೆಗೆ ಕುಳಿತ. ಯಾವ ಕಳ್ಳನೂ ಬರಲಿಲ್ಲ. ಕೂಸು ಮಾತ್ರ ಒಂದೇ ಸಮ ಅತ್ತು ಅವನ ತಲೆ ಚಿಟ್ಟು ಹಿಡಿಸಿತು. ಕಾಡವ್ವ ಮೂರು ಸಲ ಬಾಗಿಲಿಗೆ ಬಂದು, ಅವನನ್ನು ಕಂಡು ಒಳಗೆ ಹೋದಳು. ಯಂತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

“ಸುಮ್ನ ಒಂದು ದಿನ ಹಾಳಾತ್ರಿ,” ಎಂದ. ಶಿವಗಂಗವ್ವ ಕಾಡವ್ವನ ಗುಡಿಸಲಿನೊಳಗೆ ಹೋಗಿ, ಹಳೆ ಬಟ್ಟೆಗಳನ್ನು ಕೆಂಪು ನೂಲಿನಲ್ಲಿ ಹೊಲಿದ ಕೌದಿಯ ಮೇಲೆ ಬಹಳ ಹೊತ್ತು ಕುಳಿತು ಬಂದರು.

ಮರುದಿನ ಸಂಜೆ ಎಲ್ಲರೂ ಅಜ್ಜನ ಕೋಣೆಯಲ್ಲಿ ಸೇರಿದರು. ಕಾಡವ್ವ ಕೂಸಿನೊಂದಿಗೆ ಹಿತ್ತಲ ಬಾಗಿಲಾಚೆ ನಿಂತಿದ್ದಳು.

“ಭಾಗ ಕಳುವಾಗಿದ್ರ ಯಂತ್ರ ಮುಂಜಾನೆನೂ ಕೆಡಬೇಕಿತ್ತು,” ಎಂದು ಶಿವಗಂಗವ್ವ ಶುರುಮಾಡಿದರು. “ಜರಡಿ ಕಟ್ಟಿಲ್ಲ, ಕರೆಂಟ್ ಕಡಿಮಿಲ್ಲ, ಬಾಗಿಲ ಸಂದಿ ಇಲ್ಲ. ಯಲ್ಲಾರಿ, ಈ ಯಂತ್ರ ತಂಪ ಎಲ್ಲಿಂದ ತರತೈತಿ?”

“ತರೂದಿಲ್ರಿ. ಒಳಗಿನ ಸೆಕಿ ಎತ್ತಿ ಹೊರಗ ಒಗಿತೈತಿ.”

“ಬೆನ್ನ ಮುಚ್ಚಿದ್ರ?”

ಯಲ್ಲಾರಿ ತಲೆಯೆತ್ತಿದ. “ಸೆಕಿ ಹೋಗಾಕ ದಾರಿ ಇಲ್ಲದ ತಾನ ಕಾದು ನಿಲ್ಲತೈತ್ರಿ.”

“ಮೊಳಿ ಎರಡು, ನೂಲು ಕೆಂಪು. ಯಾರೋ ಮಧ್ಯಾಹ್ನ ಅದಕ್ಕ ಕೌದಿ ಹೊಚ್ಚತಿದ್ರು. ನಿನ್ನೆ ಲಕ್ಕಪ್ಪ ಕಾವಲಿಗಿದ್ದ, ಹೊಚ್ಚಾಕ ಆಗಲಿಲ್ಲ. ಯಂತ್ರ ನಡೀತು, ಕೂಸು ಅತ್ತಿತು. ಎರಡಕ್ಕೂ ಕಾರಣ ಒಂದ.”

ಲಕ್ಕಪ್ಪನಿಗೆ ಈಗ ನಾಚಿಕೆಯಾಯಿತು. ಆ ಅಳುವನ್ನು ಇಡೀ ಮಧ್ಯಾಹ್ನ ಕೇಳಿಯೂ ಅವನು ಕೇಳಿರಲಿಲ್ಲ.

“ನಾನ ಹೊಚ್ಚಿದ್ದು,” ಎಂದಳು ಕಾಡವ್ವ, ಯಾರೂ ಹೆಸರು ಹೇಳುವ ಮೊದಲೇ. “ಬಿಸಲಿನ ಕಾವು, ಮ್ಯಾಲೆ ಇದರ ಝಳ. ಕೂಸಿನ ಮೈ ಸುಡತಿತ್ತು. ಅಜ್ಜಾರಿಗೆ ತ್ರಾಸ ಆಗೂದು ಗೊತ್ತಿರಲಿಲ್ರಿ. ಮಿಸ್ತ್ರಿ ಮ್ಯಾಲೆ ಬಂತಂತ ತಿಳಿದಾಗ ಬಾಯಿ ಬಿಡಾಕ ಅಂಜಿಕಿ ಆತು.”

ಡಾಕ್ಟರರು ಕಿಟಕಿಯ ಯಂತ್ರವನ್ನೊಮ್ಮೆ ನೋಡಿದರು. ಆಮೇಲೆ ಯಲ್ಲಾರಿಯ ಮುಂದೆ ನಿಂತು, “ನಂದ ತಪ್ಪಾತು, ಯಲ್ಲಾರಿ,” ಎಂದರು.

“ತಗಡಿನ ಕೊಳವಿ ಮಾಡಿ ಝಳ ಮನಿ ಮಾಳಗಿ ಮ್ಯಾಲೆ ಬಿಡೂಣ್ರಿ,” ಎಂದ ಯಲ್ಲಾರಿ ತಗ್ಗಿದ ದನಿಯಲ್ಲಿ. “ನಾಕು ದಿನ ಬೇಕಾಗತೈತಿ.”

“ನಾಕು ದಿನ ಆ ಕೂಸು ಎಲ್ಲಿ ಮಲಗಬೇಕ?” ಹಾಸಿಗೆಯಿಂದ ಪರಪ್ಪಜ್ಜ ಕೇಳಿದ. ಅಜ್ಜ ಕಷ್ಟಪಟ್ಟು ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಜಾಗ ಮಾಡಿದ. “ಒಳಗ ಬಾರವ್ವ.”

ಕಾಡವ್ವ ಡಾಕ್ಟರರ ಮುಖ ನೋಡಿದಳು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಆ ಮನೆಯಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಆ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಮೊದಲು.